ಸರಕಾರಿ ಕೌಜುಗ

ಬಾಯಕ್ಕನನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು.

ಹಾಡಹಗಲೇ ಹೋದರು. ಓಣಿಯ ಮಂದಿಯೆಲ್ಲ ನೋಡುತ್ತ ನಿಂತಿತ್ತು. ಹರಣಶಿಕಾರಿಗಳ ಓಣಿಗೆ ಜೀಪು ಬರುವುದು ಹೊಸದಲ್ಲ. ನವನಗರದಲ್ಲಿ ಯಾರ ಮನೆಯ ನಳದ ತೋಟಿ ಕಾಣೆಯಾದರೂ, ಯಾರ ಸೈಕಲ್ಲು ಇಟ್ಟ ಕಡೆ ಇಲ್ಲದಿದ್ದರೂ ಜೀಪು ಮೊದಲು ಇಲ್ಲಿಗೇ ಬರುತ್ತಿತ್ತು. ಗಂಡಸರು ಕೇಳದೆಯೇ ಹತ್ತಿ ಕೂಡುವುದನ್ನು ರೂಢಿ ಮಾಡಿಕೊಂಡಿದ್ದರು. ಈ ಸಲವೂ ದುರಗಪ್ಪ ಚಪ್ಪಲಿ ಮೆಟ್ಟಿ, ಹೆಂಡತಿಗೆ ರಾತ್ರಿ ಕಾಯಬೇಡ ಎಂದು ಹೇಳಿ, ಹಿಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದ. ಫಾರೆಸ್ಟ್ ಗಾರ್ಡ್ ಶಿವಪ್ರಕಾಶ ಅವನನ್ನು ಇಳಿಸಿದ. ನೀನಲ್ಲ, ಹಕ್ಕಿ ಅಂದ. ದುರಗಪ್ಪನಿಗೆ ಸ್ವಲ್ಪ ಅವಮಾನವೇ ಆಯಿತು.

ಬಾಯಕ್ಕ ಅಂದರೆ ದುರಗಪ್ಪನ ಹೆಂಡತಿ ಮಲ್ಲಮ್ಮ ಸಾಕಿದ ಕೌಜುಗ. ಕೋಳಿಗಿಂತ ಚಿಕ್ಕದು. ಮಣ್ಣಿನ ಬಣ್ಣ, ಮೈತುಂಬ ಗೀರು. ಮೈ ಒಂದು ಬೊಗಸೆ, ದನಿ ಮಾತ್ರ ಗಿರಣಿಯ ಸಿಳ್ಳು. ಹೊಸ ಸೆಕ್ಟರಿಗೆ ನೆಲ ಸಮ ಮಾಡುವಾಗ ಜೇಸಿಬಿ ಜಾಲಿಕಂಟಿಯನ್ನೆಲ್ಲ ಬೇರುಸಮೇತ ಕಿತ್ತು ಗುಂಪಿ ಹಾಕಿತ್ತು. ಉರುವಲಿಗೆ ಮುಳ್ಳು ಆರಿಸಲು ಹೋದ ಮಲ್ಲಮ್ಮನಿಗೆ ಆ ಗುಂಪಿಯ ಕೆಳಗೆ ಹೆಬ್ಬೆರಳಿನಷ್ಟು ಮರಿ ಸಿಕ್ಕಿತ್ತು. ಉಳಿದ ಮರಿಗಳು, ತಾಯಿ, ಗೂಡು ಎಲ್ಲ ಮಣ್ಣಿನಲ್ಲಿ ಕಲಸಿ ಹೋಗಿದ್ದವು. ಅವಳು ಅದನ್ನು ಕುಪ್ಪಸದೊಳಗಿಟ್ಟುಕೊಂಡು ಬಂದಳು. ನುಚ್ಚು ತಿನಿಸಿದಳು. ಅದು ದೊಡ್ಡದಾಯಿತು. ಮಲ್ಲಮ್ಮನನ್ನೇ ತಾಯಿ ಅಂದುಕೊಂಡಿತು. ತಾನು ಹಕ್ಕಿ ಎಂಬುದು ಅದರ ಲಕ್ಷ್ಯದಲ್ಲಿ ಇದ್ದಂತಿರಲಿಲ್ಲ.

ಮಲ್ಲಮ್ಮನದು ಕೂದಲಿನ ವ್ಯಾಪಾರ. ತಲೆಯ ಮೇಲೆ ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಬುಟ್ಟಿ ತುಂಬಿದ ದೊಡ್ಡ ಪುಟ್ಟಿ. ಬೆನ್ನಿಗೆ ಚೀಲ. ಮುಂಜಾನೆಯಿಂದ ಸಂಜೆತನಕ ನವನಗರದ ಸೆಕ್ಟರುಗಳಲ್ಲಿ "ಕೂದಲಾ, ಕೂದಲಾ" ಎಂದು ಕೂಗುತ್ತ ತಿರುಗಬೇಕು. ಹೆಂಗಸರು ಬಾಚಣಿಕೆಗೆ ಬಂದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿನಲ್ಲಿ ಸಿಕ್ಕಿಸಿ ಇಟ್ಟಿರುತ್ತಾರೆ. ಅದನ್ನು ಕೊಟ್ಟು ಡಬ್ಬಿ ಒಯ್ಯುತ್ತಾರೆ. ಕುತ್ತಿಗೆಯ ನರ ಹಗ್ಗದ ಹಾಗೆ ಉಬ್ಬುತ್ತದೆ. ಟಾರು ರಸ್ತೆ ಅಂಗಾಲು ಸುಡುತ್ತದೆ. ನೀರು ಕೇಳಿದರೆ ಕೆಲವರು ಕೊಡುತ್ತಾರೆ, ಕೆಲವರು ಮೇಲಿನಿಂದ ಬೊಗಸೆಗೆ ಸುರಿಯುತ್ತಾರೆ. ಹಿಂದೆ ಬಾಯಕ್ಕ ಟಕಟಕ ಹೆಜ್ಜೆ ಹಾಕುತ್ತ ಬರುತ್ತಿತ್ತು. ಮಲ್ಲಮ್ಮ ಒಂದು ಸಲ ಕೂಗಿದರೆ ಅದೂ ಒಂದು ಸಲ ಕೂಗುತ್ತಿತ್ತು. ಅವಳ ದನಿ ಕೇಳದ ಮನೆಗೂ ಅದರ ದನಿ ಕೇಳುತ್ತಿತ್ತು. ವ್ಯಾಪಾರಕ್ಕೆ ಇದರಿಂದ ಅನುಕೂಲವೇ ಆಗಿತ್ತು.

ಗುಡ್ಡದ ಬುಡದಲ್ಲಿ ಅವರ ಗುಡಿಸಲುಗಳು. ನವನಗರ ಬರುವ ಮೊದಲು ಅಲ್ಲೆಲ್ಲ ಕಂಟಿ. ಮಲ್ಲಮ್ಮನ ಮಾವನ ಕಾಲದಲ್ಲಿ ಪಳಗಿದ ಕೌಜುಗವನ್ನು ಕಂಟಿಯಲ್ಲಿ ಬಿಟ್ಟು ಕೂಗಿಸಿ, ಜಗಳಕ್ಕೆ ಬಂದ ಕಾಡು ಕೌಜುಗಗಳನ್ನು ಉರುಲಿಗೆ ಹಾಕುತ್ತಿದ್ದರಂತೆ. ಕೂಗುವ ಹಕ್ಕಿಯನ್ನು ಮಾತ್ರ ಯಾರೂ ತಿನ್ನುತ್ತಿರಲಿಲ್ಲ. ಅದು ಸತ್ತರೆ ಮಣ್ಣು ಮಾಡಿ ಮೇಲೊಂದು ಕಲ್ಲಿಡುತ್ತಿದ್ದರು. ಆಮೇಲೆ ಡ್ಯಾಮು ತುಂಬಿತು. ಹಳೇ ಬಾಗಲಕೋಟೆ ಮುಳುಗಿತು. ಮುಳುಗಿದವರಿಗೆ ಇಲ್ಲಿ ಸೈಟು, ರಸ್ತೆ, ಗಟಾರು, ಸಾಲಿ ಎಲ್ಲ ಆದವು. ಒಂದೊಂದು ಸೆಕ್ಟರು ಎದ್ದ ಹಾಗೆ ಗುಡಿಸಲುಗಳು ಒಂದೊಂದು ಕಡೆಯಿಂದ ಜಾಗ ಬಿಟ್ಟು ಏಳುತ್ತ ಬಂದವು. ನಮಗೂ ಒಂದು ಸೈಟು ಕೊಡಿ ಎಂದು ಕೇಳಲು ಹೋದಾಗ ಕಚೇರಿಯವನು, "ನಿಮ್ದೇನ ಮುಳುಗೇತಿ?" ಎಂದು ಕೇಳಿದ್ದ. ಹೋದವರು ಹಾಗೇ ತಿರುಗಿ ಬಂದಿದ್ದರು. ಮಲ್ಲಮ್ಮನ ಅತ್ತೆ ಸಾಯುವತನಕ ಇದೊಂದು ಮಾತನ್ನು ಹೇಳುತ್ತಲೇ ಇದ್ದಳು.

"ಬುದ್ಧಿ ಇದ್ದಿದ್ದರ ನಾವೂ ಒಂದೀಟ ಮುಳುಗತಿದ್ವಿ."

ಈಗ ಉಳಿದದ್ದು ಗುಡ್ಡವೊಂದೇ. ಅದರ ಮೇಲೆ ನಿಸರ್ಗ ಮಿತ್ರ ಮಂಡಳಿಯ ಕಣ್ಣು ಬಿದ್ದಿತ್ತು.

ಮಂಡಳಿಯ ಅಧ್ಯಕ್ಷರು ವಾಸುದೇವ ಮಾಸ್ತರರು. ಹೈಸ್ಕೂಲು ಹೆಡ್‌ಮಾಸ್ತರಾಗಿ ನಿವೃತ್ತಿಯಾದವರು. ಕೆಟ್ಟವರಲ್ಲ. ಮುಳುಗಿದ ಮನೆಯನ್ನು ಮರೆಯಲಾಗದವರು. ನೆಂಟರು ಬಂದರೆ ಹಿನ್ನೀರಿನ ದಂಡೆಗೆ ಕರೆದೊಯ್ದು, ಅಕೋ ಆ ಕೊಕ್ಕರೆ ನಿಂತದಲ್ಲ, ಅಲ್ಲಿ ನಮ್ಮ ಪಡಸಾಲೆ ಎಂದು ತೋರಿಸುತ್ತಿದ್ದರು. ಕೊಕ್ಕರೆ ಹಾರಿ ಬೇರೆ ಕಡೆ ಕೂತರೆ ಪಡಸಾಲೆಯೂ ಬೇರೆ ಕಡೆ ಹೋಗುತ್ತಿತ್ತು. ಮಲ್ಲಮ್ಮನಿಗೆ ಆ ಮನೆ ನಿಜವಾಗಿ ಗೊತ್ತಿತ್ತು. ಸಣ್ಣವಳಿದ್ದಾಗ ತಾಯಿಯ ಜೊತೆ ಅದರ ಬಾಗಿಲಿಗೆ ಹೋಗಿದ್ದಳು. ಒಳಗಿನಿಂದ ಯಾರೋ ಒಂದು ರೊಟ್ಟಿಯನ್ನು ಎತ್ತರದಿಂದ ಅವಳ ಉಡಿಗೆ ಬೀಳಿಸಿದ್ದರು. ರೊಟ್ಟಿ ತಪ್ಪಿ ಗಟಾರಿಗೆ ಬಿದ್ದಿತ್ತು. ಪಡಸಾಲೆಯ ಬಗ್ಗೆ ಅವಳಿಗೆ ನೆನಪಿದ್ದುದು ಅಷ್ಟೇ.

ಮಾಸ್ತರರಿಗೆ ಒಂದು ಚಟ. ಕಂಡಾಗಲೆಲ್ಲ ದುರಗಪ್ಪನನ್ನು ನಿಲ್ಲಿಸಿ ಕಾಡಿನ ವಿದ್ಯೆ ಕೇಳುವುದು. ದುರಗಪ್ಪ ಸೆಂಟ್ರಿಂಗ್ ಕೆಲಸದವನು. ಹುಟ್ಟಿದಾಗಿನಿಂದ ಉರುಲು ಮುಟ್ಟಿದವನಲ್ಲ. ಕೋಳಿ ಬೇಕಾದರೆ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಿಂದ ತರುತ್ತಿದ್ದ. ಗೊತ್ತಿಲ್ಲ ಅಂದರೆ ಮಾಸ್ತರರು ನಂಬುತ್ತಿರಲಿಲ್ಲ, ಗುಟ್ಟು ಬಿಡವಲ್ಲ ಎಂದು ಮುಖ ಸಪ್ಪಗೆ ಮಾಡುತ್ತಿದ್ದರು. ಅದಕ್ಕೆ ಅವನು ಬಾಯಿಗೆ ಬಂದದ್ದು ಹೇಳಲು ಕಲಿತಿದ್ದ. ಸಕ್ಕರೆ ಬೇನೆಗೆ ಯಾವ ಗಿಡದ ತಪ್ಪಲು ಎಂದು ಕೇಳಿದಾಗ ಎದುರಿಗಿದ್ದ ಗಿಡ ತೋರಿಸಿದ್ದ. ಮಾಸ್ತರರು ಮೂರು ದಿನ ಕಷಾಯ ಕುಡಿದು ಮೂರು ದಿನ ಸಂಡಾಸಿಗೆ ಓಡಾಡಿದರು. ಬೇನೆಯೆಲ್ಲ ತೊಳೆದು ಹೋಯಿತು ಎಂದು ಅವರೇ ಅರ್ಥ ಹೇಳಿಕೊಂಡರು.

ಬಾಯಕ್ಕನ ಫೋಟೋ ತೆಗೆದದ್ದು ಮಂಡಳಿಯ ಶಿರೀಷ. ತೋಳುದ್ದದ ಕ್ಯಾಮೆರಾದವನು. ವನ್ಯಜೀವಿಯೊಂದು ಸೆರೆಯಲ್ಲಿದೆ ಎಂದು ದೂರು ಹೋಯಿತು. ಸೆರೆ ಎಲ್ಲಿತ್ತೋ ಮಲ್ಲಮ್ಮನಿಗೆ ತಿಳಿಯದು. ಹಕ್ಕಿಗೆ ಪಂಜರವೂ ಇರಲಿಲ್ಲ, ದಾರವೂ ಇರಲಿಲ್ಲ. ಶಿವಪ್ರಕಾಶನೇ ಜೀಪಿನಲ್ಲಿ ಪಂಜರ ತಂದಿದ್ದ.

"ತಪ್ಪ ಅದರದಲ್ಲವಾ, ನಿಂದು," ಎಂದ ಅವನು. "ಅದು ಸರಕಾರದ ಹಕ್ಕಿ."

"ಸರಕಾರ ಒಂದ್ ದಿನಾರ ಕಾಳ ಹಾಕಿತ್ತೇನ್ರಿ?"

ಶಿವಪ್ರಕಾಶ ಪಂಜರದ ಬಾಗಿಲು ಹಾಕಿದ. ಅವನೂ ಹುನಗುಂದದ ಕಡೆಯ ಒಕ್ಕಲುಮನೆಯ ಹುಡುಗ. ನೌಕರಿ ಹೊಸದು.

ಮಂಡಳಿಯವರು ಬಾಯಕ್ಕನನ್ನು ಗುಡ್ಡದ ನೆತ್ತಿಗೆ ಒಯ್ದರು. ಮಾಸ್ತರರು ಸ್ವಾತಂತ್ರ್ಯದ ಬಗ್ಗೆ ಮಾತಾಡಿದರು. ಪ್ರತಿಯೊಂದು ಜೀವಿಯೂ ತನ್ನ ಮೂಲ ನೆಲೆಗೆ ಮರಳಬೇಕು ಎನ್ನುವಾಗ ಅವರ ದನಿ ನಡುಗಿತು. ಪಂಜರದ ಬಾಗಿಲು ತೆಗೆದರು. ಬಾಯಕ್ಕ ಹೊರಗೆ ಬಂದು ಎಲ್ಲರ ಕಾಲಿನ ಕಡೆ ನೋಡಿತು. ಕಂಟಿಯೊಳಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿ, ಫೋಟೋ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಕೆಳಗಿಳಿದರು. ಇಳಿಯುವ ದಾರಿ ಗುಡಿಸಲುಗಳ ನಡುವೆಯೇ ಹಾದು ಬರುತ್ತದೆ. ಮಲ್ಲಮ್ಮನ ಹೊಸ್ತಿಲಲ್ಲಿ ಬಾಯಕ್ಕ ನುಚ್ಚು ತಿನ್ನುತ್ತ ನಿಂತಿತ್ತು. ಶಿರೀಷ ರೂಢಿಯಂತೆ ಇನ್ನೊಂದು ಫೋಟೋ ತೆಗೆದ.

ಎರಡನೆಯ ಸಲ ದೂರ ಒಯ್ದರು. ಶಿರೀಷನ ಕಾರಿನಲ್ಲಿ ಶಿವಯೋಗ ಮಂದಿರದ ತನಕ ಹೋಗಿ, ಮಲಪ್ರಭೆಯ ದಂಡೆಯ ಗಿಡಗಳಲ್ಲಿ ಬಿಟ್ಟು, ತಿರುಗಿ ನೋಡದೆ ಬಂದರು.

ಮಲ್ಲಮ್ಮ ಒಬ್ಬಳೇ ವ್ಯಾಪಾರಕ್ಕೆ ಹೋದಳು. ದನಿ ಏಳಲಿಲ್ಲ. ಒಂದು ಸಲ ಕೂಗಿ, ಮುಂದಿನ ಕೂಗಿಗಾಗಿ ತಡೆದು ನಿಲ್ಲುವಳು. ಹಿಂದೆ ಏನೂ ಇಲ್ಲ. ಹಕ್ಕಿ ಎಲ್ಲಿ ಎಂದು ಪ್ರತಿ ಮನೆಯಲ್ಲಿ ಕೇಳಿದರು. ಮಾಸ್ತರರ ಮನೆಯಲ್ಲಿ ಅವರ ಹೆಂಡತಿ ಪದ್ಮಜಾಬಾಯಿ ಕೂದಲಿನ ಉಂಡೆ ಕೊಡುತ್ತ, ಬೇಸರ ಮಾಡಬ್ಯಾಡ, ಅದು ತನ್ನವರ ಜೋಡಿ ಆರಾಮ ಇರ್ತದ ಎಂದರು. ತನ್ನವರು ಯಾರು ಎಂದು ಮಲ್ಲಮ್ಮ ಕೇಳಲಿಲ್ಲ. ಅದರವರು ಸೆಕ್ಟರಿನ ರಸ್ತೆಯ ಕೆಳಗಿದ್ದರು.

ಬಾಯಕ್ಕನನ್ನು ಮರಳಿ ತಂದವರು ಬಸಲಿಂಗವ್ವ. ಅವರು ಮಲ್ಲಮ್ಮನ ಹಳೆಯ ಗಿರಾಕಿ. ಪೂಜೆಗೆಂದು ಶಿವಯೋಗ ಮಂದಿರಕ್ಕೆ ಹೋಗಿದ್ದರು. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು ಯಾರೇ ಹೋದರೂ ಅವಳ ಹಿಂದೆ ಒಂದು ಕೌಜುಗ ನಡೆಯುತ್ತಿತ್ತಂತೆ. ಮುಖ ನೋಡಿ ಅಲ್ಲ ಎಂದು ತಿಳಿದು ತಿರುಗಿ ಬರುತ್ತಿತ್ತಂತೆ. ಬಸಲಿಂಗವ್ವ ಚೀಲದ ಬಾಯಿ ತೆರೆದರು. ಅದು ಒಳಗೆ ಇಳಿದು ಕೂತಿತು.

ಬಸ್ಸಿನಲ್ಲಿ ನಡೆದದ್ದನ್ನು ಬಸಲಿಂಗವ್ವ ನವನಗರದಲ್ಲೆಲ್ಲ ಹೇಳಿಕೊಂಡು ಬಂದರು. ಕಂಡಕ್ಟರ್ ಕೋಳಿಗೆ ಅರ್ಧ ಟಿಕೆಟು ಅಂದ. ಇದು ಕೋಳಿ ಅಲ್ಲ ಅಂದರು ಇವರು. ಹಂಗಾದರೆ ಲಗೇಜು ಅಂದ. ಜೀವ ಇರುವುದು ಲಗೇಜು ಹೇಗಾಗುತ್ತದೆ ಎಂದು ಹಿಂದಿನ ಸೀಟಿನವರು ಕೇಳಿದರು. ಬಸಲಿಂಗವ್ವ ಕೊನೆಯ ಮಾತು ತೆಗೆದರು: ಇದು ಹೆಣ್ಣು, ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಹೆಣ್ಣು ಅನ್ನಲು ಆಧಾರ್ ಕಾರ್ಡು ಬೇಕು ಎಂದು ಕಂಡಕ್ಟರ್ ಹಟ ಹಿಡಿದ. ಬಸ್ಸಿನೊಳಗೆ ಎರಡು ಪಾರ್ಟಿ ಆದವು. ಬಾದಾಮಿ ಬರುವ ಹೊತ್ತಿಗೆ ಬಾಯಕ್ಕ ಬಸಲಿಂಗವ್ವನ ಉಡಿಯಲ್ಲಿ ಒಂದು ತತ್ತಿ ಇಟ್ಟಿತು.

"ಆಧಾರ ಕೇಳಿದೆಲ್ಲೋ ತಮ್ಮಾ," ಅಂದರಂತೆ ಬಸಲಿಂಗವ್ವ. "ತಗೋ. ನೋಡಿ ತಿರುಗಿ ಕೊಡು."

ಹೀಗೆ ಬಾಯಕ್ಕ ಪುಕ್ಕಟೆ ಮನೆಗೆ ಬಂತು. ಬಂದ ಮರುದಿನದಿಂದ ಗುಡ್ಡದಲ್ಲಿ ಒಂದು ಕಾಡು ಗಂಡು ಕೌಜುಗ ಕೂಗತೊಡಗಿತು. ಇದೂ ಗುಡಿಸಲಿನ ಚಾವಣಿಯ ತಗಡಿನ ಮೇಲೆ ನಿಂತು ಉತ್ತರ ಕೊಡತೊಡಗಿತು. ಅಳಿಯಾ ಕರೆಯಾಕತ್ತಾನ ಎಂದ ದುರಗಪ್ಪ. ಕೆಲವು ದಿನ ಅಳಿಯ ಬಾಗಿಲತನಕವೂ ಬಂದು, ಮಾವನ ಮುಖ ನೋಡಿ ಓಡಿ ಹೋದ.

ಹಕ್ಕಿ ತಿರುಗಿ ಬಂದದ್ದು ಮಾಸ್ತರರಿಗೆ ತಿಳಿದು ಬಹಳ ದುಃಖವಾಯಿತು. ಯೋಚನೆ ಮಾಡಿ ಒಂದು ನಿರ್ಣಯಕ್ಕೆ ಬಂದರು. ತಪ್ಪು ಹಕ್ಕಿಯದಲ್ಲ, ಗುಡಿಸಲುಗಳದು. ಗುಡಿಸಲು ಇರುವತನಕ ಹಕ್ಕಿಗೆ ಕಾಡಿನ ನೆನಪು ಬರುವುದಿಲ್ಲ. ಪರಿಸರ ದಿನದಂದು ಗುಡ್ಡವನ್ನು ಪಕ್ಷಿಧಾಮ ಎಂದು ಘೋಷಿಸುವುದು, ಸುತ್ತ ತಂತಿ ಹಾಕುವುದು, ಗುಡಿಸಲಿನವರನ್ನು ಕಲ್ಲು ತೆಗೆಯುವ ಕಣಿಯ ಆಚೆಗೆ ಕಳಿಸುವುದು. ದೊಡ್ಡ ಸಾಹೇಬರೊಬ್ಬರು ಮುಖ್ಯ ಅತಿಥಿಯಾಗಿ ಬರುವುದೂ ನಿಶ್ಚಯವಾಯಿತು. ಕಲ್ಲಿನ ಕಣಿಯ ಆಚೆ ನೀರಿಲ್ಲ. ಅಲ್ಲಿಂದ ಸೆಕ್ಟರುಗಳಿಗೆ ಪುಟ್ಟಿ ಹೊತ್ತು ಬಂದು ಹೋಗುವಷ್ಟರಲ್ಲಿ ಹಗಲೇ ಮುಗಿಯುತ್ತದೆ. ಅಲ್ಲಿಗೆ ಹೋದರೆ ಕೂದಲಿನ ವ್ಯಾಪಾರ ಸತ್ತ ಹಾಗೆ. ಮಲ್ಲಮ್ಮ ಅದನ್ನು ಹೇಳಲು ಹೋದಳು. ಮಾಸ್ತರರು ಅವಳ ಮಾತು ಪೂರ್ತಿ ಕೇಳಿದರು. ಕೇಳಿ, ನಿನಗೂ ಒಂದು ಪಾರ್ಟು ಇಟ್ಟೇವಿ ಎಂದರು.

ಪಾರ್ಟು ಇಷ್ಟು. ಮಲ್ಲಮ್ಮ ಸಭೆಯಲ್ಲಿ ಹಕ್ಕಿಯನ್ನು ತನ್ನ ಕೈಯಾರೆ ಬಿಡಬೇಕು. ಬಿಡುವಾಗ ಮೈಕಿನಲ್ಲಿ ಎರಡು ಮಾತು ಹೇಳಬೇಕು: ಇಂದಿನಿಂದ ನಾವು ಬೇಟೆ ಬಿಟ್ಟೆವು, ಇಂದಿನಿಂದ ನಾವು ಗುಡ್ಡ ಬಿಟ್ಟೆವು. ದುರಗಪ್ಪ ಪಕ್ಕದಲ್ಲಿ ಬಿಲ್ಲು ಹಿಡಿದು ನಿಲ್ಲಬೇಕು. ಹಕ್ಕಿಯನ್ನು ಇಟ್ಟುಕೊಳ್ಳಲು ಶಿವಪ್ರಕಾಶನಿಗೆ ಜಾಗವಿರಲಿಲ್ಲ. ಮತ್ತೆ ಒಯ್ದು ಒಂದು ದಿನ ಆಫೀಸಿನಲ್ಲಿ ಇಟ್ಟಾಗ ಅದು ಅಲ್ಲಿನ ಸಾಹೇಬರ ಟೇಬಲ್ಲಿನ ಮೇಲೆ ಹೇತಿತ್ತು. ಕಾರ್ಯಕ್ರಮದತನಕ ನಿನ್ನ ಕಡೆನೇ ಇರಲಿ, ಆದರೆ ಇದು ಸರಕಾರದ್ದು ಎಂಬುದು ನೆನಪಿರಲಿ ಎಂದು ಮಲ್ಲಮ್ಮನಿಗೇ ಕೊಟ್ಟುಹೋದ.

ದುರಗಪ್ಪನಿಗೆ ಬೇಡನ ವೇಷ ಅಮೀನಗಡದ ಕಡೆಯ ನಾಟಕ ಕಂಪನಿಯಿಂದ ಬಂತು. ಪ್ಲೈವುಡ್ಡಿನ ಬಿಲ್ಲು, ಜರಿ ಹಚ್ಚಿದ್ದು. ಹಸಿರು ಬಟ್ಟೆಯ ಎಲೆಗಳ ಲಂಗ. ಭುಜದತನಕ ಬರುವ ಕೂದಲಿನ ಟೊಪ್ಪಿಗೆ. ದುರಗಪ್ಪ ಅದನ್ನು ತಲೆಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಾಗ ಓಣಿಯ ನಾಯಿಗಳು ಅಟ್ಟಿಸಿಕೊಂಡು ಬಂದವು. ಮಲ್ಲಮ್ಮ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ತಿರುವಿದಳು. ತನ್ನ ಚೀಲದಿಂದಲೇ ಹೋದ ಕೂದಲು ಇದ್ದೀತು, ಪದ್ಮಜಾಬಾಯಿಯವರ ಬಿಳಿಯ ಎಳೆಯೂ ಒಂದೆರಡು ಇದ್ದೀತು ಅನ್ನಿಸಿ ನಗು ಬಂತು. ಕೂದಲಿನ ಚೀಲಗಳಿಟ್ಟ ಮೂಲೆಗೆ ಅದನ್ನು ಎಸೆದಳು.

ಮಲ್ಲಮ್ಮ ಒಳಗಿದ್ದಷ್ಟು ಹೊತ್ತು ಬಾಯಕ್ಕ ಆ ಮೂಲೆ ಬಿಟ್ಟು ಏಳದಾಯಿತು. ಕೈ ಹಾಕಿದರೆ ಕುಕ್ಕತೊಡಗಿತು. ಮಲ್ಲಮ್ಮ ಒಂದು ಮುಂಜಾನೆ ಅದು ಕಾಳಿಗೆ ಎದ್ದಾಗ ಬಗ್ಗಿ ನೋಡಿದಳು. ಬೇಡನ ಟೊಪ್ಪಿಗೆ ಅಂಗಾತ ಬಿದ್ದಿತ್ತು. ಅದರ ಗುಂಡಿಯಲ್ಲಿ ಕೆನೆಬಣ್ಣದ ತತ್ತಿಗಳು ಒತ್ತೊತ್ತಾಗಿ ಕೂತಿದ್ದವು. ಅವಳು ಗಂಡನನ್ನು ಎಬ್ಬಿಸಿ ತೋರಿಸಿದಳು. ಇಬ್ಬರೂ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕರು. ಹೊರಗೆ ಹೇಳಲಿಲ್ಲ. ಒಂದು ಹಕ್ಕಿಗೇ ಜೀಪು ಬಂದಿತ್ತು, ಇಷ್ಟಕ್ಕೆ ಎಷ್ಟು ಬರುತ್ತವೆಯೋ.

ಪರಿಸರ ದಿನ ಬಂತು. ಗುಡ್ಡದ ಬುಡದಲ್ಲಿ ಶಾಮಿಯಾನ ಎದ್ದಿತು. ಶಾಮಿಯಾನಕ್ಕೆ ಅಡ್ಡ ಬಂದ ಬೇವಿನ ಟೊಂಗೆಗಳನ್ನು ಕಡಿದು ಹಾಕಿದ್ದರು. ಆಚೆ ಒಂದು ಜೇಸಿಬಿ, ಮುಂದಿನ ಹಲ್ಲಿಗೆ ಚೆಂಡುಹೂವಿನ ಮಾಲೆ. ಕಾರ್ಯಕ್ರಮ ಮುಗಿದ ಕೂಡಲೇ ಕೆಲಸ ಎಂದು ಅದರ ಡ್ರೈವರನಿಗೆ ಹೇಳಿದ್ದರು. ಗುಡಿಸಲಿನ ಹೆಂಗಸರು ಬೆಳಿಗ್ಗೆಯೇ ಬೋಗಾಣಿ, ಹಾಸಿಗೆ ಹೊರಗಿಟ್ಟು ಕೂತಿದ್ದರು. ಮಲ್ಲಮ್ಮ ಏನನ್ನೂ ಹೊರಗಿಟ್ಟಿರಲಿಲ್ಲ.

ಬಾಯಕ್ಕ ಕಾಳಿಗೆ ಎದ್ದು ಬಾಗಿಲಿಗೆ ಬಂದ ಹೊತ್ತಿಗೇ ಶಿವಪ್ರಕಾಶ ಬಂದ. ಹಿಡಿದು ಪಂಜರಕ್ಕೆ ಹಾಕಿದ. ಇವತ್ತು ಬ್ಯಾಡ್ರಿ, ಅದಕ್ಕ ಮೈಯಾಗ ನೆಟ್ಟಗಿಲ್ಲ ಎಂದು ಮಲ್ಲಮ್ಮ ಅಂಗಲಾಚಿದಳು. ಸಾಹೇಬರು ಹತ್ತು ಗಂಟೆಗೆ ಬರ್ತಾರ ಎಂದು ಅವನು ಪಂಜರ ಎತ್ತಿಕೊಂಡು ನಡೆದೇಬಿಟ್ಟ.

ಸಾಹೇಬರು ಹತ್ತಕ್ಕೆ ಬರಲಿಲ್ಲ. ಹನ್ನೊಂದಕ್ಕೂ ಬರಲಿಲ್ಲ. ಮಲ್ಲಮ್ಮ ಪಂಜರದ ಪಕ್ಕ ನಿಂತಿದ್ದಳು. ಕುರ್ಚಿ ಇದ್ದವು, ಅವಳಿಗಲ್ಲ. ಬಾಯಕ್ಕ ಸರಳಿಗೆ ಎದೆ ಒತ್ತಿ ಒತ್ತಿ ಗರಿ ಉದುರಿಸುತ್ತಿತ್ತು. ದುರಗಪ್ಪ ಪ್ಯಾಂಟಿನ ಮೇಲೆ ಎಲೆಯ ಲಂಗ ಕಟ್ಟಿಕೊಂಡು ಬಿಸಿಲಿನಲ್ಲಿ ಬಿಲ್ಲು ಎತ್ತಿ ನಿಂತಿದ್ದ. ಟೊಪ್ಪಿಗೆ ಎಲ್ಲಿ ಎಂದು ಮಾಸ್ತರರು ಕೇಳಿದರು. ಸಿಗವಲ್ದರಿ ಅಂದ. ಬಿಲ್ಲು ಇಳಿಸಿದರೆ ಶಿರೀಷ ಬಂದು ಮತ್ತೆ ಎತ್ತಿ ನಿಲ್ಲಿಸುತ್ತಿದ್ದ. ತೋಳು ನಡುಗುತ್ತಿತ್ತು. ಸ್ಲ್ಯಾಬಿನ ಹಲಗೆ ಹೊರುವುದು ಇದಕ್ಕಿಂತ ಸುಖ ಎಂದು ಅವನು ಹಲ್ಲು ಕಚ್ಚಿ ಹೇಳಿದ.

ಸಾಹೇಬರು ಬಂದರು. ಹಾರ, ಶಾಲು, ಕರದಂಟಿನ ಡಬ್ಬಿ. ಸ್ವಾಗತ. ಪ್ರಾರ್ಥನೆ. ಪ್ರಾಸ್ತಾವಿಕ. ತತ್ತಿ ತಣ್ಣಗಾಗುತ್ತಿದ್ದವು. ಮಲ್ಲಮ್ಮನಿಗೆ ಬೇರೆ ಏನೂ ಕೇಳುತ್ತಿರಲಿಲ್ಲ. ಮಾಸ್ತರರು ಹಳೆಯ ಊರಿನ ಕಥೆ ತೆಗೆದರು. ಮನೆ ಬಿಡುವ ಸಂಕಟ ಬಿಟ್ಟವರಿಗೇ ಗೊತ್ತು ಎಂದು ಕಣ್ಣು ಒರೆಸಿಕೊಂಡರು. ಹಿಂದೆ ಜೇಸಿಬಿಯ ಡ್ರೈವರ್ ಇಂಜಿನ್ ಚಾಲೂ ಮಾಡಿ ನೋಡಿ ಬಂದ್ ಮಾಡಿದ. ಸಾಹೇಬರು ಎದ್ದು ನಿಸರ್ಗ ತಾಯಿ ಎಂದು ಆರಂಭಿಸಿದರು. ತಾಯಿ ಮುಗಿಯುವ ಲಕ್ಷಣ ಕಾಣಲಿಲ್ಲ.

ಕೊನೆಗೆ ಮಲ್ಲಮ್ಮನ ಹೆಸರು ಕೂಗಿದರು. ಪದ್ಮಜಾಬಾಯಿ ಕಿವಿಯಲ್ಲಿ, ಬೇಟೆ ಬಿಟ್ಟೆವು, ಗುಡ್ಡ ಬಿಟ್ಟೆವು ಎಂದು ನೆನಪು ಮಾಡಿ ಮುಂದೆ ತಳ್ಳಿದರು. ಮೈಕು ಅವಳ ಬಾಯಿಗಿಂತ ಎತ್ತರದಲ್ಲಿತ್ತು. ಯಾರೂ ಇಳಿಸಲಿಲ್ಲ. ಅವಳಿಗೆ ಮೈಕು ಬೇಕಾಗಿರಲಿಲ್ಲ. ಇಪ್ಪತ್ತು ವರ್ಷ ಸೆಕ್ಟರು ಸೆಕ್ಟರು ಕೂಗಿದ ಗಂಟಲು.

"ಬೇಟಿ ಬಿಟ್ಟೇನಿ ಅನ್ನು ಅಂತಾರ. ನಾ ಹಿಡದೇ ಇಲ್ಲ. ಹಿಡೀಲಾರದ್ದನ್ನ ಹೆಂಗ ಬಿಡ್ಲಿ?"

ಜನ ನಕ್ಕರು. ಮಾಸ್ತರರು ಎರಡನೆಯ ಮಾತು, ಎರಡನೆಯ ಮಾತು ಎಂದು ಸನ್ನೆ ಮಾಡಿದರು.

"ಗುಡ್ಡನೂ ಬಿಡಂಗಿಲ್ಲ. ಇದರವ್ವ, ಇದರ ಗೂಡು ನಿಮ್ಮ ರಸ್ತೆದ ಕೆಳಗೈತಿ. ಅಲ್ಲಿ ಕಂಟಿ ಕಡದವರು ಯಾರು? ನಾವೋ? ಮೊದಲ ನೀವ್ ಬಂದ್ ಇಲ್ಲಿ ನಿಂತು, ಸೆಕ್ಟರ್ ಬಿಟ್ಟೇವಿ ಅನ್ರಿ. ನಾ ಚಪ್ಪಾಳಿ ಹೊಡೀತೇನಿ."

ದುರಗಪ್ಪ ಬಿಲ್ಲು ಇಳಿಸಿದ. ಶಿರೀಷ ಎತ್ತಲು ಬಂದರೆ ಬಿಲ್ಲನ್ನು ಅವನ ಕೈಗೇ ಕೊಟ್ಟ. ಮಲ್ಲಮ್ಮ ಪಂಜರದ ಬಾಗಿಲು ತೆಗೆದಳು.

ಬಾಯಕ್ಕ ಗುಡ್ಡದ ಕಡೆ ನೋಡಲೂ ಇಲ್ಲ. ಸಾಹೇಬರ ಕಾಲ ನಡುವೆ ನುಗ್ಗಿ, ಕರದಂಟಿನ ಟೇಬಲ್ಲು ಹತ್ತಿ, ಇಳಿದು, ಜೇಸಿಬಿಯ ಗಾಲಿಯ ಕೆಳಗೆ ಹಾಯ್ದು, ಗುಡಿಸಲಿನತ್ತ ಒಂದೇ ಓಟ ಕಿತ್ತಿತು. ಅದರ ಹಿಂದೆ ಮಲ್ಲಮ್ಮ. ಅವಳ ಹಿಂದೆ ಎಲೆಯ ಲಂಗದ ದುರಗಪ್ಪ. ಅವನ ಹಿಂದೆ ಪಂಜರ ಹಿಡಿದ ಶಿವಪ್ರಕಾಶ, ಬಿಲ್ಲು ಹಿಡಿದ ಶಿರೀಷ, ಮಾಸ್ತರರು, ಪದ್ಮಜಾಬಾಯಿ. ಕರದಂಟು ಜಗಿಯುತ್ತ ಸಾಹೇಬರೂ ಬಂದರು.

ಗುಡಿಸಲಿನ ಬಾಗಿಲು ಗಿಡ್ಡ. ವಾಸುದೇವ ಮಾಸ್ತರರು ಹುಟ್ಟಿದ ಮೇಲೆ ಮೊದಲ ಸಲ ಅಂಥದೊಂದು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರು. ಮೂಲ ನೆಲೆ ಮೂಲ ನೆಲೆ ಎಂದು ಅವರು ಹೇಳುತ್ತಿದ್ದುದು ಅವರ ಮೂಗಿನ ಕೆಳಗೇ ಇತ್ತು. ಬಾಯಕ್ಕ ರೆಕ್ಕೆ ಹರಡಿ ಟೊಪ್ಪಿಗೆಯಲ್ಲಿ ಕೂತಿತ್ತು. ಒಂದು ತತ್ತಿ ಬದಿಯಿಂದ ಇಣುಕುತ್ತಿತ್ತು. ಮಲ್ಲಮ್ಮ ಬೆರಳಿನಿಂದ ಮುಟ್ಟಿ ನೋಡಿದಳು. ಇನ್ನೂ ಬೆಚ್ಚಗಿತ್ತು. ಆಗ ಅವಳು ಅಲ್ಲೇ ಕುಕ್ಕರಿಸಿದಳು.

"ಅಯ್ಯ, ಇದು ಬಾಡಿಗಿ ಟೊಪ್ಪಿಗಿ," ಎಂದರು ಪದ್ಮಜಾಬಾಯಿ.

ಶಿವಪ್ರಕಾಶನ ಮುಖ ಬೆಳಗಿತು. ನೌಕರಿಗೆ ಸೇರಿದಾಗ ಓದಿದ ಕಾಯ್ದೆ ಅವನಿಗೆ ಮೊದಲ ಸಲ ಉಪಯೋಗಕ್ಕೆ ಬಂದಿತ್ತು. ಕಾಡು ಹಕ್ಕಿಯ ಗೂಡು ಮುಟ್ಟಿದರೂ ಅಪರಾಧ, ತತ್ತಿ ಅಲುಗಿಸಿದರೂ ಅಪರಾಧ, ಗೂಡಿರುವ ಜಾಗ ಕೆಡವಿದರಂತೂ ದೊಡ್ಡ ಅಪರಾಧ ಎಂದು ಸಾಹೇಬರ ಮುಂದೆಯೇ ಒಪ್ಪಿಸಿದ. ಸಾಹೇಬರು ಹೌದೌದು ಎಂದರು. ಜೇಸಿಬಿ ಬಂದ್ ಮಾಡಿಸಿ, ನೆಲ ನಡುಗಬಾರದು ಎಂದು ಹುಕುಂ ಆಯಿತು. ಶಾಮಿಯಾನದ ಹಾಡೂ ನಿಂತಿತು. ಇಷ್ಟು ವರ್ಷ ಮನುಷ್ಯರು ಬಾಯಿಬಿಟ್ಟು ಕೇಳಿದ್ದನ್ನು ಒಂದು ಹಕ್ಕಿ ಕೂತು ಕೇಳಿತು. ಕೂಡಲೇ ಸಿಕ್ಕಿತು. ಮಲ್ಲಮ್ಮನಿಗೆ ಹೊಟ್ಟೆ ಉರಿದದ್ದೂ ಆಗಲೇ.

ಮಾಸ್ತರರು ಅಲ್ಲೇ ಹೊಸ ಯೋಜನೆ ಹಾಕಿದರು. ಪಕ್ಷಿಧಾಮದ ಫಲಕವನ್ನು ಈ ಗುಡಿಸಲಿನ ಮುಂದೆ ನೆಡೋಣ. ಸುತ್ತ ತಂತಿ ಹಾಕೋಣ. ಮರಿ ಆಗುವತನಕ ಮನುಷ್ಯರು ಯಾರೂ ಒಳಗೆ ಬರಬಾರದು. ಆಮೇಲೆ ಮಲ್ಲಮ್ಮನ ಕಡೆ ತಿರುಗಿ, ಮೆತ್ತಗೆ, ಮಗುವಿಗೆ ಹೇಳುವ ಹಾಗೆ ಹೇಳಿದರು.

"ಅಲ್ಲಿತನಕ ನೀವು ಹೊರಗ ಇರ್ರಿ. ಇದು ಈಗ ಹಕ್ಕಿ ಮನಿ ಅದ."

ಮಲ್ಲಮ್ಮ ಅವರ ಮುಖ ನೋಡಿದಳು. ಎದ್ದು, ಸೆರಗು ಕೊಡವಿ, ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು.

ಬಾಯಕ್ಕ ತತ್ತಿ ಬಿಟ್ಟು ಎದ್ದು ಅವಳ ಹಿಂದೆ ಹೊರಟಿತು.

ಕೂಡ್ರವಾ, ಕೂಡ್ರು ಎಂದು ಶಿವಪ್ರಕಾಶ ಕೈ ಮುಗಿದ. ಮಲ್ಲಮ್ಮ ಕೂತಳು. ಬಾಯಕ್ಕ ತಿರುಗಿ ಹೋಗಿ ಟೊಪ್ಪಿಗೆಯಲ್ಲಿ ಕೂತಿತು. ಸಾಹೇಬರಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಏಳು ನೋಡೋಣ ಅಂದರು. ಮಲ್ಲಮ್ಮ ಎದ್ದಳು. ಹಕ್ಕಿಯೂ ಎದ್ದಿತು. ಕೂತಳು, ಕೂತಿತು. ಮಾಸ್ತರರ ಹಣೆ ಬೆವೆತಿತ್ತು.

"ನಾ ಎದ್ರ ಅದೂ ಏಳತೈತಿ," ಎಂದಳು ಮಲ್ಲಮ್ಮ. "ಅದು ಎದ್ರ ತತ್ತಿ ತಣ್ಣಗಾಗತಾವು. ಕೇಸ್ ಯಾರ ಮ್ಯಾಲ ಅಂತ ಇಲ್ಲೇ ಮಾತಾಡ್ಕೋರಿ. ನಾ ಹೊರಗ ಬರಂಗಿಲ್ಲ. ನನ್ನ ಮನ್ಯಾಗ ನಾ ಕುಂತೇನಿ. ಇದ್ದಷ್ಟ ಮಂದಿ ಸಾಕು, ಗಾಳಿ ಬಿಡ್ರಿ, ಹೊರಗ ನಡೀರಿ."

ಅವರು ಹೊರಗೆ ನಡೆದರು. ತಲೆ ಬಗ್ಗಿಸಿಯೇ ನಡೆದರು, ಬಾಗಿಲು ಗಿಡ್ಡವಿತ್ತಲ್ಲ. ಮಾತಾಡಿಕೊಂಡರು. ಆಕೆ ಏಳಬಾರದು ಅಂದರೆ ಆಕೆಗೆ ಅಡುಗೆ ಮಾಡಿಕೊಡಲು ಗಂಡ ಬೇಕು. ಗಂಡ ಇರಬೇಕೆಂದರೆ ನೀರು ತರಲು ನೆರೆಯವರು ಬೇಕು. ನೆರೆಯವರ ಗುಡಿಸಲು ಕೆಡವಲು ಹೋದರೆ ನೆಲ ನಡುಗುತ್ತದೆ. ಹೀಗೆ ಒಂದೊಂದಾಗಿ ಓಣಿಯೆಲ್ಲ ಉಳಿಯಿತು. ಓಣಿಯ ಹೆಂಗಸರು ಯಾರೂ ಹೇಳದೆಯೇ ಬೋಗಾಣಿ, ಹಾಸಿಗೆ ಒಳಗೆ ಒಯ್ಯತೊಡಗಿದರು.

ಒಂದು ಪ್ರಶ್ನೆ ಉಳಿಯಿತು. ತತ್ತಿ ಒಡೆದು ಮರಿ ಆಗಲು ಎಷ್ಟು ದಿನ ಬೇಕು? ಶಿರೀಷ ಬಿಲ್ಲನ್ನು ಕಂಕುಳಲ್ಲಿ ಇರುಕಿ ಫೋನು ನೋಡಿ, ಇಪ್ಪತ್ತು ದಿನ ಸಾಕಂತ ಎಂದ. ಮಾಸ್ತರರು ಅವನನ್ನು ಗದರಿಸಿದರು. ಫೋನಿನಲ್ಲಿ ಬರೆದವರು ಕೌಜುಗ ಸಾಕಿದ್ದಾರೆಯೇ? ಕಾಡಿನ ಮಕ್ಕಳು ಎದುರಿಗೆ ಇರುವಾಗ ಫೋನು ಯಾಕೆ? ಬಾಗಿಲಲ್ಲಿ ನಿಂತಿದ್ದ ದುರಗಪ್ಪನನ್ನು ಗೌರವದಿಂದ ಕೇಳಿದರು. ನೀವು ತಲೆತಲಾಂತರದಿಂದ ನೋಡಿದವರು, ನೀವೇ ಹೇಳಿರಿ.

ದುರಗಪ್ಪನಿಗೆ ಗೊತ್ತಿರಲಿಲ್ಲ. ಎಲೆಯ ಲಂಗ ಸರಿ ಮಾಡಿಕೊಂಡ. ಗುಡ್ಡದ ಕಡೆ ನೋಡಿದ. ಆಕಾಶದ ಕಡೆ ನೋಡಿದ. ನೆಲದ ಮಣ್ಣು ಚಿಟಿಕೆ ತೆಗೆದು ಮೂಸಿದ. ಮಾಸ್ತರರು ಉಸಿರು ಬಿಗಿಹಿಡಿದು ಕಾದರು.

"ಮೂರ್ ಮಳಿಗಾಲ ಬೇಕ್ರಿ," ಅಂದ.

"ನೋಡ್ರಿ," ಎಂದರು ಮಾಸ್ತರರು ಸಾಹೇಬರ ಕಡೆ ತಿರುಗಿ. "ಇದು ಯಾವ ಪುಸ್ತಕದಾಗೂ ಸಿಗೂದಿಲ್ಲ."

ಸಾಹೇಬರು ತಲೆದೂಗಿದರು. ಶಿವಪ್ರಕಾಶ ಮಾತ್ರ ದುರಗಪ್ಪನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ. ಜೇಸಿಬಿಯ ಕಡೆ ನೋಡಿದ. ಬಾಯಿ ಮುಚ್ಚಿಕೊಂಡ. ಆಮೇಲೆ ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದು, ಸಪ್ಪಳ ಮಾಡದೆ, ತುದಿಗಾಲಿನ ಮೇಲೆ ಹರಣಶಿಕಾರಿಗಳ ಓಣಿಯಿಂದ ಹೊರಗೆ ನಡೆದರು.

ಒಳಗೆ ಮಲ್ಲಮ್ಮ ಕೂದಲಿನ ಚೀಲಕ್ಕೆ ತಲೆ ಇಟ್ಟು ಕಾಲು ಚಾಚಿದಳು. ಹುಟ್ಟಿದಾಗಿನಿಂದ ಅವಳು ಹಗಲಿನಲ್ಲಿ ಮಲಗಿದವಳಲ್ಲ. ಕುತ್ತಿಗೆ ಮೊದಲು ಒಪ್ಪಲಿಲ್ಲ, ಭಾರ ಎಲ್ಲಿ ಎಂದು ಹುಡುಕಿತು. ಆಮೇಲೆ ಒಪ್ಪಿತು. ಟೊಪ್ಪಿಗೆಯಲ್ಲಿ ಬಾಯಕ್ಕ ಒಂದು ಕಣ್ಣು ಮುಚ್ಚಿತು, ಇನ್ನೊಂದರಿಂದ ಅವಳನ್ನು ನೋಡುತ್ತಿತ್ತು, ಎದ್ದುಗಿದ್ದಾಳೆಂದು.

ಮಲ್ಲಮ್ಮ ಏಳಲಿಲ್ಲ.